ಹುಳದ ಹೆಸರೂ ತಪ್ಪು, ಕಳೆಯ ಹೆಸರೂ ತಪ್ಪು

ಅಕ್ಕಿ ಡಬ್ಬಿಯಲ್ಲಿ ಸೊಂಡಿಲು ಚಾಚಿಕೊಂಡು ಓಡಾಡುವ ಕರಿ ಹುಳ ಗೊತ್ತಲ್ವಾ? ಅದರ ದೂರದ ನೆಂಟನೊಬ್ಬ ನೀರಿನಲ್ಲಿದ್ದಾನೆ. ಉದ್ದ ಬರೀ 2 ಮಿಲಿಮೀಟರ್. ಹೆಸರು ಸಿರ್ಟೊಬೇಗಸ್ ಸಾಲ್ವಿನಿಯೆ. ಕೆರೆಗೆ ಕಳೆ ಕವಿದಾಗ 'ಹುಳ ಬಿಟ್ಟರಾಯ್ತಲ್ಲ' ಎಂಬ ಮಾತು ಏಳುತ್ತದೆ. ಯಾವ ಕಳೆಗೆ ಯಾವ ಹುಳ ಅನ್ನೋದು ಮಾತ್ರ ಕಲಸುಮೇಲೋಗರ.

ಸಿರ್ಟೊಬೇಗಸ್ ತಿನ್ನುವುದು ಸಾಲ್ವಿನಿಯಾ ಮೊಲೆಸ್ಟಾ ಎಂಬ ತೇಲುವ ಜರಿಗಿಡವನ್ನು. ಕೇರಳದವರು ಆಫ್ರಿಕನ್ ಪಾಯಲ್ ಅನ್ನುತ್ತಾರೆ. ತವರು ಆಫ್ರಿಕವಲ್ಲ, ಆಗ್ನೇಯ ಬ್ರೆಜಿಲ್. ತುಂಡಾದರೆ ಸಾಕು, ಒಂದೊಂದು ತುಂಡೂ ಗಿಡ. 1939ರಲ್ಲಿ ಶ್ರೀಲಂಕಾಕ್ಕೆ ಬಂತು. 1962ರ ಹೊತ್ತಿಗೆ ಆಫ್ರಿಕದ ಕರೀಬಾ ಜಲಾಶಯದಲ್ಲಿ ಸುಮಾರು 1,000 ಚದರ ಕಿಲೋಮೀಟರ್ ಮುಚ್ಚಿತ್ತು. ಕೇರಳದ ಕುಟ್ಟನಾಡಿನ ಗದ್ದೆ, ಕಾಲುವೆಗಳನ್ನೂ ಬಿಡಲಿಲ್ಲ.

ಎಡವಟ್ಟಾಗಿದ್ದು ಹೆಸರಿನಲ್ಲಿ. ಈ ಕಳೆ ಸಾಲ್ವಿನಿಯಾ ಆರಿಕ್ಯುಲೇಟಾ ಎಂಬ ಇನ್ನೊಂದು ಜಾತಿ ಅಂತಲೇ ಎಲ್ಲರೂ ನಂಬಿದ್ದರು. ಹಾಗಾಗಿ ಆ ಗಿಡದ ಶತ್ರುಗಳನ್ನು ಹುಡುಕಿ ಟ್ರಿನಿಡಾಡ್‌ಗೆ ಹೋದರು. ಅಲ್ಲಿ ಸಿಕ್ಕಿದ್ದು ಸಿಂಗ್ಯುಲಾರಿಸ್ ಎಂಬ ಸೊಂಡಿಲು ಹುಳ, ಜೊತೆಗೊಂದು ಮಿಡತೆ. ಆ ಮಿಡತೆ 1970ರ ದಶಕದಲ್ಲಿ ಕೇರಳಕ್ಕೂ ಬಂತು. ಕಳೆ ಜಗ್ಗಲಿಲ್ಲ. 1972ರಲ್ಲಿ ಮಿಚೆಲ್ ಎಂಬ ವಿಜ್ಞಾನಿ, ಇದು ಬೇರೆಯೇ ಗಿಡ ಎಂದು ಹೊಸ ಹೆಸರಿಟ್ಟರು. ತವರು ಪತ್ತೆಯಾಗಿದ್ದು 1978ರಲ್ಲಿ. ಅಲ್ಲೂ ಒಂದು ಕರಿ ಹುಳ ಇತ್ತು. 'ಅಯ್ಯೋ, ಇದು ಅದೇ ಸಿಂಗ್ಯುಲಾರಿಸ್' ಅಂದುಕೊಂಡೇ 1980ರಲ್ಲಿ ಆಸ್ಟ್ರೇಲಿಯದ ಮೂಂಡಾರಾ ಸರೋವರಕ್ಕೆ ಬಿಟ್ಟರು. ವರ್ಷ ಚಿಲ್ಲರೆಯಲ್ಲಿ 200 ಹೆಕ್ಟೇರ್ ಕಳೆ ನಾಶ! ಹುಳವೂ ಬೇರೆಯೇ ಅಂತ ಗೊತ್ತಾಗಿ ಅದಕ್ಕೆ ಸ್ವಂತ ಹೆಸರು ಸಿಕ್ಕಿದ್ದು 1985ರಲ್ಲಿ. ಕೆಲಸ ಮುಗಿಸಿದ ಮೇಲೆ ನಾಮಕರಣ. ಕೀಟಗಳ ಗುರುತು ಹಚ್ಚುವ ಕೆಲಸಕ್ಕೆ ಇವತ್ತಿಗೂ ಯಾರೂ ಜಾಸ್ತಿ ದುಡ್ಡು ಇಡುವುದಿಲ್ಲ, ಅದು ಬೇರೆ ಮಾತು.

ಹುಳದ ಕೆಲಸ ನೋಡಲು ತಾಳ್ಮೆ ಬೇಕು. ದೊಡ್ಡ ಹುಳ ಎಳೆ ಮೊಗ್ಗನ್ನು ಕಚ್ಚುತ್ತದೆ. ಬಿಳಿ ಮರಿ ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಹಸಿರು ಚಾಪೆಯಲ್ಲಿ ಮೊದಲು ಅಂಗೈಯಗಲ ಕಂದು ತೇಪೆ ಕಾಣುತ್ತದೆ. ಆಮೇಲೆ ಚಾಪೆಯೇ ಕಂದಾಗಿ, ಕೊಳೆತು, ಮುಳುಗುತ್ತದೆ. ನೀರಿನಲ್ಲಿ ಸಾರಜನಕ ಕಮ್ಮಿಯಿದ್ದರೆ ಗಿಡ ಬಡಕಲು, ಹುಳವೂ ಬಡಕಲು. ಪಪುವಾ ನ್ಯೂಗಿನಿಯಲ್ಲಿ ಹುಳ ನೆಲೆಯೂರಲಿ ಅಂತ ಕಳೆಗೇ ಯೂರಿಯಾ ಹಾಕಿದ್ದರು!

ಭಾರತಕ್ಕೆ ಈ ಹುಳ 1982ರಲ್ಲಿ ಆಸ್ಟ್ರೇಲಿಯದಿಂದ ಬಂತು. ಬೆಂಗಳೂರಿನ ಒಂದು ತಾವರೆ ಕೊಳದಲ್ಲಿ ಬಿಟ್ಟು ನೋಡಿದರು. ಸುಮಾರು 11 ತಿಂಗಳಲ್ಲಿ ಕೊಳ ತಿಳಿಯಾಯಿತು. ಕೇರಳ ಕೃಷಿ ವಿಶ್ವವಿದ್ಯಾಲಯವೂ ಇದನ್ನು ಸಾಕಿ ಹಂಚಿತು, ಕುಟ್ಟನಾಡು ಉಸಿರಾಡಿತು. ಈಚೆಗೆ ಮಧ್ಯಪ್ರದೇಶದ ಕೆರೆಗಳಿಗೆ ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಇದನ್ನೇ ಬಿಟ್ಟಿದೆ.

ನಮ್ಮಲ್ಲಿ ನೀರ ಮೇಲೆ ತೇಲುವ ಕಳೆಗೆಲ್ಲ ಅಂತರಗಂಗೆ ಅಂತ ಒಂದೇ ಹೆಸರು. ಆದರೆ ಬೆಂಗಳೂರಿನ ಕೆರೆಗಳಲ್ಲಿ ನೇರಳೆ ಹೂ ಬಿಡುವ ಕಳೆ ಸಾಲ್ವಿನಿಯಾ ಅಲ್ಲ, ವಾಟರ್ ಹಯಸಿಂತ್; ಅದಕ್ಕೆ ನಿಯೋಕೆಟಿನಾ ಎಂಬ ಬೇರೆ ಹುಳ ಬೇಕು. ಸಾಲ್ವಿನಿಯಾ ಹುಳವನ್ನು ಅಲ್ಲಿ ಬಿಟ್ಟರೆ ಸುಮ್ನೆ ಹಸಿದು ಸಾಯುತ್ತದೆ. ಸರಿಯಾದ ಹುಳ ಬಿಟ್ಟರೂ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರೊಳಗೆ ಕಳೆ ಎತ್ತುವ ಯಂತ್ರ ಬಂದರೆ, ಕಂದು ತೇಪೆಯ ಜೊತೆ ಹುಳವೂ ಲಾರಿ ಹತ್ತುತ್ತದೆ.