ಹಾಳೆಯಲ್ಲಿ ‘ಎ’, ಕೈಯಲ್ಲಿ ಬಿ ಫ್ಲ್ಯಾಟ್: ಕ್ಲಾರಿನೆಟ್‌ನ ಈ ಲೆಕ್ಕ ಎಲ್ಲಿಂದ ಬಂತು?

ಬೇಳ, ಮಂಜೇಶ್ವರದ ಕಡೆ ಇಗರ್ಜಿ ಹಬ್ಬಕ್ಕೋ ಮದುವೆಗೋ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರ ಹತ್ತಿರ ಸಾಮಾನ್ಯವಾಗಿ ಇರುವುದು ಬಿ ಫ್ಲ್ಯಾಟ್ ಶ್ರುತಿಯ ಕ್ಲಾರಿನೆಟ್ ಒಂದೇ. ಅವರಲ್ಲಿ ಯಾರಾದರೂ ಆಸೆಪಟ್ಟು ಮೊಜಾರ್ಟ್, ಬ್ರಾಮ್ಸ್ ಬರೆದ ಆರ್ಕೆಸ್ಟ್ರಾ ಕೃತಿಗಳ ಸ್ವರದ ಹಾಳೆಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡರೆ ಮೇಲ್ಗಡೆಯೇ ‘ಎ ಕ್ಲಾರಿನೆಟ್‌ಗೆ’ ಅಂತಲೋ ‘ಸಿ ಕ್ಲಾರಿನೆಟ್‌ಗೆ’ ಅಂತಲೋ ಬರೆದಿರುತ್ತದೆ. ಅದನ್ನು ಹಾಗೇ ಊದಿದರೆ ಉಳಿದ ವಾದ್ಯಗಳ ಜೊತೆ ಸೇರುವುದಿಲ್ಲ. ಇನ್ನೊಂದು ಕ್ಲಾರಿನೆಟ್ ಕೊಳ್ಳುವಷ್ಟು ದುಡ್ಡು ಎಲ್ಲರಿಗೂ ಎಲ್ಲಿಂದ ಬರಬೇಕು? ಆದರೆ ಅಷ್ಟಕ್ಕೇ ಹಾಳೆ ಮಡಚಿ ಇಡಬೇಡಿ. ಇದ್ದ ವಾದ್ಯದಲ್ಲೇ ದಾರಿ ಉಂಟು.

ಯಕ್ಷಗಾನದ ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಶ್ರುತಿ ನಮ್ಮ ಕಡೆ ಎಲ್ಲರೂ ಕೇಳಿದ ಮಾತು, ಹಾರ್ಮೋನಿಯಂನ ಕಪ್ಪು, ಬಿಳಿ ಮನೆಗಳ ಎಣಿಕೆ. ಅದೇ ಲೆಕ್ಕದಲ್ಲಿ ಹೇಳುತ್ತೇನೆ. ಹಾಳೆಯಲ್ಲಿ ಸಿ ಅಂತ ಇದ್ದದ್ದನ್ನು ಸಿ ಕ್ಲಾರಿನೆಟ್‌ನಲ್ಲಿ ಊದಿದರೆ ಬಿಳಿ ಒಂದು ಕೇಳುತ್ತದೆ. ಬಿ ಫ್ಲ್ಯಾಟ್‌ನಲ್ಲಿ ಊದಿದರೆ ಅದರ ಕೆಳಗಿನ ಕಪ್ಪು ಐದು, ಎ ಕ್ಲಾರಿನೆಟ್‌ನಲ್ಲಿ ಬಿಳಿ ಆರು. ಮೂರಕ್ಕೂ ಬೆರಳು ಒಂದೇ.

ಇಷ್ಟು ಬಗೆ ಯಾಕೆ ಬೇಕಾಯಿತು ಅಂದರೆ ಕಾರಣ ಕೊಳವೆಯಲ್ಲೇ ಇದೆ. ಕೊಳಲಿನಲ್ಲಿ ಬಿಗಿಯಾಗಿ ಊದಿದರೆ ಅದೇ ಬೆರಳಿಗೆ ಷಡ್ಜ ಹೋಗಿ ಮೇಲಿನ ಷಡ್ಜ ಬರುತ್ತದೆ. ಕ್ಲಾರಿನೆಟ್ ಅಲ್ಲಿ ನಿಲ್ಲುವುದಿಲ್ಲ, ನೇರ ತಾರಸ್ಥಾಯಿಯ ಪಂಚಮಕ್ಕೆ ಹಾರುತ್ತದೆ. ನಡುವೆ ಉಳಿಯುವ ಸ್ವರಗಳಿಗೆಲ್ಲ ಬೇರೆ ತೂತು, ಅದನ್ನು ಮುಚ್ಚಿ ತೆರೆಯುವ ಬೇರೆ ಕೀಲಿ ಬೇಕು. 1700ರ ಆಸುಪಾಸಿನಲ್ಲಿ ನ್ಯೂರೆಂಬರ್ಗ್‌ನ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಈ ವಾದ್ಯ ಮಾಡಿದಾಗ ಇದ್ದದ್ದು ಎರಡೇ ಕೀಲಿ. ಮೊಜಾರ್ಟ್ ಕಾಲಕ್ಕೂ ಸಾಮಾನ್ಯವಾಗಿ ಐದು ಮಾತ್ರ. ಶಾರ್ಪ್ (ಅರ್ಧ ಸ್ವರ ಏರಿಸುವ ಗುರುತು), ಫ್ಲ್ಯಾಟ್ (ಅರ್ಧ ಸ್ವರ ಇಳಿಸುವ ಗುರುತು) ಜಾಸ್ತಿಯಾದರೆ ಬೆರಳು ಅಡ್ಡಾದಿಡ್ಡಿ ಇಟ್ಟು ಸ್ವರ ಹುಡುಕಬೇಕು, ನಾದ ಮಂಕಾಗುತ್ತದೆ, ಶ್ರುತಿಯೂ ಜಾರುತ್ತದೆ. ಹಾಗಾಗಿ ಕೊಳಲಿನವರು ಶ್ರುತಿಗೊಂದು ಕೊಳಲು ಇಟ್ಟುಕೊಳ್ಳುವ ಹಾಗೆ ಕ್ಲಾರಿನೆಟ್ ವಾದಕರೂ ಬೇರೆ ಬೇರೆ ಉದ್ದದ ವಾದ್ಯ ಇಟ್ಟುಕೊಂಡರು. ಶಾರ್ಪ್ ಜಾಸ್ತಿ ಇರುವ ಕೃತಿಗೆ ಎ, ಫ್ಲ್ಯಾಟ್ ಜಾಸ್ತಿ ಇದ್ದರೆ ಬಿ ಫ್ಲ್ಯಾಟ್. ಬೀಥೊವನ್ ಐದನೇ ಸಿಂಫನಿಯ ಮೊದಲ ಮೂರು ಭಾಗಕ್ಕೆ ಬಿ ಫ್ಲ್ಯಾಟ್ ಕೇಳಿ ಕೊನೆಯ ಭಾಗಕ್ಕೆ ಸಿ ಕೇಳಿದ.

ಈ ತೊಂದರೆ ತಪ್ಪಿಸಲಿಕ್ಕೆ ವಾದಕ ಇವಾನ್ ಮ್ಯುಲ್ಲರ್ 13 ಕೀಲಿಯ ಕ್ಲಾರಿನೆಟ್ ಮಾಡಿ, ಇದೊಂದರಲ್ಲೇ ಎಲ್ಲ ನುಡಿಸಬಹುದು ಅಂದ. 1812ರಲ್ಲಿ ಅಲ್ಲಿನ ಸಂಗೀತ ಶಾಲೆಯಾದ ಪ್ಯಾರಿಸ್ ಕನ್ಸರ್ವೇಟರಿಯ ಸಮಿತಿ ಒಪ್ಪಲಿಲ್ಲ. ಒಂದೊಂದು ಕ್ಲಾರಿನೆಟ್‌ಗೆ ಅದರದ್ದೇ ನಾದ ಉಂಟು, ಒಂದನ್ನೇ ಉಳಿಸಿಕೊಂಡರೆ ಆ ಬಣ್ಣಗಳೆಲ್ಲ ಹೋಗುತ್ತವೆ ಅನ್ನುವುದು ಅವರ ವಾದ. ಅದು ಸುಮ್ನೆ ಹಟವಲ್ಲ. ಎ ಕ್ಲಾರಿನೆಟ್‌ನ ನಾದ ಸ್ವಲ್ಪ ಮೆತ್ತಗೆ ಅಂತ ಈಗಲೂ ಎಷ್ಟೋ ವಾದಕರು ಹೇಳುತ್ತಾರೆ. ಆಮೇಲೆ ವಾದಕ ಕ್ಲೋಸೆ ಮತ್ತು ವಾದ್ಯ ತಯಾರಿಸುವ ಬ್ಯೂಫೆ ಸೇರಿ 1839ರಲ್ಲಿ ತೋರಿಸಿದ, 1844ರಲ್ಲಿ ಪೇಟೆಂಟ್ ಪಡೆದ ಬೋಮ್ ಪದ್ಧತಿಯ (ತೂತು, ಕೀಲಿಗಳನ್ನು ಹೊಸದಾಗಿ ಜೋಡಿಸಿದ) ಕ್ಲಾರಿನೆಟ್‌ನಿಂದ ಬೆರಳಿನ ಕಷ್ಟ ಬಹುಪಾಲು ಕಡಿಮೆಯಾಯಿತು. ಹಾಳೆಗಳು ಮಾತ್ರ ಹಾಗೇ ಉಳಿದವು. ಇಟಲಿಯಲ್ಲಂತೂ ಎ ಕ್ಲಾರಿನೆಟ್‌ಗೆ ಬರೆದದ್ದನ್ನೂ ಬಿ ಫ್ಲ್ಯಾಟ್‌ನಲ್ಲೇ ನುಡಿಸುವ ರೂಢಿ ಬಹಳ ಕಾಲ ಇತ್ತು. ಹಾಗಾಗಿ ಇದೊಂದೇ ವಾದ್ಯ ಇರುವವರು ಸಂಕೋಚಪಡಬೇಕಾಗಿಲ್ಲ.

ಕರ್ನಾಟಕ ಸಂಗೀತದಲ್ಲಿ ಎ.ಕೆ.ಸಿ. ನಟರಾಜನ್ ಅವರಂಥವರು ಕ್ಲಾರಿನೆಟ್‌ನಲ್ಲಿ ಪೂರ್ತಿ ಕಚೇರಿಯನ್ನೇ ನಡೆಸಿದರು. ಅಲ್ಲಿ ಷಡ್ಜ ಸರಿದರೆ ಉಳಿದ ಸ್ವರಗಳೂ ಜೊತೆಗೇ ಸರಿಯುತ್ತವೆ, ಹೆಸರು ಬದಲಾಗುವುದಿಲ್ಲ. ಪಾಶ್ಚಾತ್ಯರ ಐದು ಗೆರೆಯ ಸ್ಟಾಫ್ ನೊಟೇಶನ್‌ನಲ್ಲಿ ಹಾಗಲ್ಲ, ಹೆಸರೇ ಬದಲಾಗುತ್ತದೆ.

ಸಿ ಕ್ಲಾರಿನೆಟ್‌ಗೆ ಬರೆದದ್ದನ್ನು ಬಿ ಫ್ಲ್ಯಾಟ್‌ನಲ್ಲಿ ಊದುವುದು ಸುಲಭ: ಒಂದು ಪೂರ್ತಿ ಸ್ವರ ಮೇಲೆ ಓದಬೇಕು, ಎರಡು ಶಾರ್ಪ್ ಸೇರಿಸಬೇಕು. ಎ ಕ್ಲಾರಿನೆಟ್‌ಗೆ ಬರೆದದ್ದನ್ನು ಅರ್ಧ ಸ್ವರ ಕೆಳಗೆ ಓದಬೇಕು, ಅಲ್ಲೇ ಬೆವರು ಬರುವುದು. ಮೊಜಾರ್ಟ್‌ನ 1791ರ ಕ್ಲಾರಿನೆಟ್ ಕನ್ಚರ್ಟೊದಲ್ಲಿ ಎ ಕ್ಲಾರಿನೆಟ್‌ನ ಹಾಳೆಯಲ್ಲಿ ಸೋಲೋ ಶುರುವಾಗುವುದು ಜಿ, ಇ, ಎಫ್ ಅಂತ. ಅಂದರೆ ಪ, ಗ, ಮ. ಶಾರ್ಪೂ ಇಲ್ಲ, ಫ್ಲ್ಯಾಟೂ ಇಲ್ಲ. ಬಿ ಫ್ಲ್ಯಾಟ್‌ನಲ್ಲಿ ಅದೇ ಪ, ಗ, ಮ ಎಫ್ ಶಾರ್ಪ್, ಡಿ ಶಾರ್ಪ್, ಇ ಆಗುತ್ತದೆ, ಐದು ಶಾರ್ಪ್‌ನ ಮನೆ. ಆದರೆ ಹಾಳೆಯಲ್ಲಿ ಮೂರು ಫ್ಲ್ಯಾಟ್ ಇದ್ದರೆ ಬರೀ ಎರಡು ಶಾರ್ಪ್ ಬರುತ್ತದೆ, ಏನೂ ಭಯವಿಲ್ಲ. ಒಂದು ಶಾರ್ಪ್ ಇದ್ದರೆ ಇನ್ನೊಂದು ಉಪಾಯ: ಸ್ವರಗಳನ್ನು ಇದ್ದಲ್ಲೇ ಬಿಟ್ಟು, ಆರಂಭದ ಶಾರ್ಪ್ ತೆಗೆದು ಆರು ಫ್ಲ್ಯಾಟ್ ಅಂತ ಓದಿಕೊಳ್ಳಿ. ನಡುವೆ ಬರುವ ಬಿಡಿ ಶಾರ್ಪ್, ಫ್ಲ್ಯಾಟ್‌ಗಳನ್ನು ಮಾತ್ರ ಒಂದೊಂದಾಗಿ ನೋಡಿಕೊಳ್ಳಬೇಕು.

ಸಾಫ್ಟ್‌ವೇರ್‌ನಲ್ಲಿ ಕ್ಷಣದಲ್ಲಿ ಬದಲಾಯಿಸಬಹುದು, ಸರಿ. ಆದರೂ ಒಂದೆರಡು ಪುಟ ಕೈಯಲ್ಲೇ ಬರೆದು ನೋಡಿ ಅಂತ ಕಲಿಯುವವರಿಗೆ ಹೇಳುತ್ತೇನೆ. ಬರೆದವರಿಗೆ ಮುಂದೆ ನೋಡಿದ ಕೂಡಲೇ ಬದಲಿಸಿ ಓದಲಿಕ್ಕೆ ಬೇಗ ಬರುತ್ತದೆ.

ಒಂದು ಸ್ವರಕ್ಕೆ ಮಾತ್ರ ಈ ಲೆಕ್ಕ ಸಾಕಾಗುವುದಿಲ್ಲ. ಎ ಕ್ಲಾರಿನೆಟ್‌ನ ಅತಿ ಕೆಳಗಿನ ಇ ಊದಿದರೆ ಕೇಳುವುದು ಕಪ್ಪು ಒಂದು. ಸಾಮಾನ್ಯ ಬಿ ಫ್ಲ್ಯಾಟ್ ಬಿಳಿ ಎರಡಕ್ಕೇ ನಿಲ್ಲುತ್ತದೆ. ಅದಕ್ಕೆಂದೇ ಕೆಲವು ಕ್ಲಾರಿನೆಟ್‌ಗಳಲ್ಲಿ ಕೆಳಗಿನ ಇ ಫ್ಲ್ಯಾಟ್‌ಗೆ ಒಂದು ಕೀಲಿ ಹೆಚ್ಚಿಗೆ ಇಡುತ್ತಿದ್ದರು. ನಿಮ್ಮದರಲ್ಲಿ ಅದು ಇಲ್ಲದಿದ್ದರೆ ಆ ಸ್ವರವನ್ನು ಒಂದು ಸ್ಥಾಯಿ ಮೇಲೆ ಊದಿ, ಅಥವಾ ಪಕ್ಕದಲ್ಲಿ ತಗ್ಗು ಸ್ವರ ಊದುವ ಬಾಸೂನ್‌ನವರಿಗೆ ಬಿಟ್ಟುಕೊಡಿ. ಯಾವುದು ಅಂತ ಅಭ್ಯಾಸದ ದಿನವೇ ತೀರ್ಮಾನ ಮಾಡಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳಿ.