ಟೋನ್ ಹುಡುಕುವಾಗ ಟ್ಯೂನ್ ಮರೆಯುವುದೇಕೆ?

ಈಗಿನ ಸಾಧಾರಣ ಕೀಬೋರ್ಡಿನಲ್ಲೂ ಒಂದೊಂದು ಬಗೆಯ ನಾದ ಕೊಡುವ ನೂರಾರು ಟೋನ್‌ಗಳಿರುತ್ತವೆ. ಲ್ಯಾಪ್‌ಟಾಪಿನ ಸಿಂಥಸೈಸರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ) ತಂತ್ರಾಂಶವಾದರಂತೂ ಲೆಕ್ಕವೇ ಇಲ್ಲ. ಮಡಿಕೇರಿ ದಸರೆಗೋ ಹುತ್ತರಿಯ ಸಂಜೆಗೋ ಒಂದು ಹೊಸ ಹಾಡು ಕಟ್ಟಬೇಕೆಂದು ಕುಳಿತ ಹುಡುಗ ಪಲ್ಲವಿಯ ಎರಡು ಸಾಲು ಗುನುಗುತ್ತಾನೆ. ಚೆನ್ನಾಗಿದೆ ಅನ್ನಿಸುತ್ತದೆ. ಇದಕ್ಕೆ ಒಪ್ಪುವ ಟೋನ್ ಬೇಕೆಂದು ಗುಂಡಿ ತಿರುಗಿಸಲು ತೊಡಗುತ್ತಾನೆ. ಸ್ಟ್ರಿಂಗ್ಸ್, ಬ್ರಾಸ್, ಕೊಳಲು, ಗಂಟೆಯ ಸದ್ದಿನಂಥದ್ದು, ಹೆಸರಿಡಲು ಬಾರದ ಇನ್ನೇನೇನೋ. ಅರ್ಧ ಗಂಟೆಯಾದ ಮೇಲೆ ಟೋನ್ ಸಿಕ್ಕಿರುತ್ತದೆ, ಪಲ್ಲವಿ ಹೋಗಿರುತ್ತದೆ. ಮನೆಯವರು ಏಕಾಗ್ರತೆ ಸಾಲದು ಎಂದು ಬೈಯಬಹುದು. ಹುಡುಗನ ಪರವಾಗಿ ಹೇಳಲು ವಿಜ್ಞಾನದ ಬಳಿ ಒಂದೆರಡು ಮಾತಿದೆ.

1970ರಲ್ಲಿ ಮನೋವಿಜ್ಞಾನಿ ಡಯಾನಾ ಡಾಯ್ಚ್ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕೇಳುಗನಿಗೆ ಒಂದು ಸ್ವರ ಕೇಳಿಸುವುದು, ಐದು ಸೆಕೆಂಡಿನ ಬಳಿಕ ಇನ್ನೊಂದು ಸ್ವರ ಕೇಳಿಸಿ ಎರಡೂ ಒಂದೇ ಶ್ರುತಿಯವೇ ಎಂದು ಕೇಳುವುದು. ನಡುವೆ ಮೌನವಿದ್ದಾಗ ಸುಲಭವಾಗಿ ಉತ್ತರಿಸುತ್ತಿದ್ದವರು, ನಡುವೆ ಆರು ಬೇರೆ ಸ್ವರಗಳನ್ನು ನುಡಿಸಿದಾಗ ಸುಮಾರು ಮೂರನೇ ಒಂದು ಭಾಗ ಉತ್ತರಗಳಲ್ಲಿ ಎಡವಿದರು. ಆ ಸ್ವರಗಳಿಗೆ ಗಮನ ಕೊಡಬೇಡಿ ಎಂದು ಮೊದಲೇ ಹೇಳಿದ್ದರೂ ಹೀಗಾಯಿತು. ಆರು ಸ್ವರಗಳ ಜಾಗದಲ್ಲಿ ಆರು ಅಂಕಿಗಳನ್ನು ಬಾಯಲ್ಲಿ ಹೇಳಿದಾಗ ತಪ್ಪುಗಳು ಇಲ್ಲವೆನ್ನುವಷ್ಟು ಕಡಿಮೆ. ಅಂಕಿಗಳನ್ನು ನೆನಪಿಟ್ಟು ಒಪ್ಪಿಸಿ ಎಂದಾಗಲೂ ಹೆಚ್ಚೇನೂ ಕೆಡಲಿಲ್ಲ.

ಅಂದರೆ ಸ್ವರದ ನೆನಪನ್ನು ಕೆಡಿಸುವುದು ಮುಖ್ಯವಾಗಿ ಬೇರೆ ಸ್ವರ. ವಿರಾಜಪೇಟೆಯಿಂದ ಮಡಿಕೇರಿಗೆ ಬರುವ ಬಸ್ಸಿನಲ್ಲಿ ಪಕ್ಕದವರೊಡನೆ ಕಾಳುಮೆಣಸಿನ ದರ ಎಷ್ಟೇ ಚರ್ಚಿಸಿದರೂ ತಲೆಯೊಳಗಿನ ಟ್ಯೂನ್ ಉಳಿದೀತು. ಡ್ರೈವರ್ ಹಾಕಿದ ಹಾಡು ಅದನ್ನು ಅಳಿಸಿಬಿಡಬಹುದು. ಟೋನ್ ಹುಡುಕುವವನು ಮಾಡುವುದೂ ಇದನ್ನೇ, ತನ್ನ ಕೈಯಾರೆ. ಪ್ರತಿ ಟೋನ್ ಪರೀಕ್ಷಿಸಲು ಬೆರಳು ಏನಾದರೂ ನುಡಿಸಲೇಬೇಕಲ್ಲ? ಇಡೀ ಟ್ಯೂನ್ ಒಂಟಿ ಸ್ವರಕ್ಕಿಂತ ಗಟ್ಟಿ ಎನ್ನುವುದು ನಿಜ. ಆದರೆ ಈಗಷ್ಟೇ ಹುಟ್ಟಿ, ಇನ್ನೂ ನಾಲ್ಕು ಸಲ ಬಾಯಲ್ಲಿ ಆಡದ ಟ್ಯೂನಿಗೆ ಅಷ್ಟು ಬಲವಿರುವುದಿಲ್ಲ.

ಆದ್ದರಿಂದ ಗುನುಗಿದ್ದನ್ನು ಮೊದಲು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು. ಪಲ್ಲವಿ, ಚರಣ ಮುಗಿಯುವ ತನಕ ಒಂದೇ ಟೋನಿನಲ್ಲಿ, ಅದೂ ಸಪ್ಪೆಯಾದ ಟೋನಿನಲ್ಲಿ ಕೂರಬೇಕು. ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳಿಗೆ ಒಂದೇ ವಾದ್ಯಕ್ರಮ ಗೊತ್ತುಮಾಡಿದ 1991ರ ಜನರಲ್ ಮಿಡಿ ಮಾನದಂಡದ 128 ವಾದ್ಯಗಳ ಪಟ್ಟಿಯಲ್ಲಿ ಮೊದಲನೆಯದು ಪಿಯಾನೊ. ಬಹುತೇಕ ಕೀಬೋರ್ಡುಗಳು ಆನ್ ಆದ ಕೂಡಲೇ ಪಿಯಾನೊದಲ್ಲೇ ನಿಲ್ಲುತ್ತವೆ. ಅಲ್ಲೇ ಇರಲಿ. ಉದ್ದನೆಯ ಅನುರಣನ ತುಂಬಿದ ಪ್ಯಾಡ್ ಟೋನಿನಲ್ಲಿ ಯಾವ ಎರಡು ಸ್ವರ ಒತ್ತಿದರೂ ಹಾಡು ಆದಂತೆ ಭ್ರಮೆಯಾಗುತ್ತದೆ. ಪಿಯಾನೊದಲ್ಲಿ ಬಡ ಟ್ಯೂನ್ ಬಡದಾಗಿಯೇ ಕೇಳಿಸುತ್ತದೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದುಡಿಕೊಟ್ಟ್ ಪಾಟ್‌ನಲ್ಲಿ ನಾಲ್ವರು ಗಂಡಸರು ದುಡಿ ಎಂಬ ಸಣ್ಣ ಚರ್ಮವಾದ್ಯ ಬಡಿಯುತ್ತಾ ದೀರ್ಘ ಕಥನಗಳನ್ನೇ ಹಾಡುತ್ತಾರೆ. ಮೊದಲಿನಿಂದ ಕೊನೆಯವರೆಗೆ ಅದೇ ದುಡಿ, ಅದೇ ದನಿ. ಭಾರ ಹೊರುವುದು ಮಾತು ಮತ್ತು ಧಾಟಿ.

ಆಯ್ಕೆ ಹೆಚ್ಚಿದಷ್ಟೂ ಮನಸ್ಸು ಕಂಗೆಡುತ್ತದೆ, ಟೋನ್‌ಗಳ ಸಂಖ್ಯೆಯನ್ನೇ ಕಡಿಮೆ ಮಾಡಿ ಎಂದು ಉಪದೇಶಿಸುವವರಿದ್ದಾರೆ. ಅವರು ಎತ್ತಿ ಹೇಳುವುದು 2000ದಲ್ಲಿ ಪ್ರಕಟವಾದ ಜ್ಯಾಮ್ ಬಾಟಲಿಗಳ ಅಧ್ಯಯನವನ್ನು: 24 ಬಗೆ ಇಟ್ಟಾಗಿನದಕ್ಕಿಂತ 6 ಬಗೆ ಇಟ್ಟಾಗ ರುಚಿ ನೋಡಲು ನಿಂತವರಲ್ಲಿ ಹೆಚ್ಚಿನ ಪಾಲು ಜನ ಕೊಂಡರು. ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ಲೆಕ್ಕ ಹಾಕಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು. ಹಾಗಾಗಿ ಸಾವಿರ ಟೋನ್ ಇರುವುದು ನನಗೆ ದೊಡ್ಡ ಅಪರಾಧವಾಗಿ ಕಾಣುವುದಿಲ್ಲ. ಅವುಗಳೊಳಗೆ ಯಾವ ಹೊತ್ತಿನಲ್ಲಿ ಇಳಿಯುತ್ತೇವೆ ಎಂಬುದರಲ್ಲಿದೆ ತೊಂದರೆ.

ಸಿದ್ಧ ಟೋನ್ ಬಳಸುವುದು ಕೀಳು ಎಂಬ ಇನ್ನೊಂದು ಅಂಜಿಕೆಯೂ ಇದೆ. 1970ರ ಮಿನಿಮೂಗ್ ಎಂಬ ಸಿಂಥಸೈಸರ್‌ನಲ್ಲಿ ಟೋನ್ ಉಳಿಸಿಡುವ ಸೌಕರ್ಯವೇ ಇರಲಿಲ್ಲ. ಯಾವ ಗುಂಡಿ ಎಲ್ಲಿತ್ತು ಎಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಬೇಕಿತ್ತು. 1978ರ ಪ್ರಾಫೆಟ್‌-5 ನಲವತ್ತು ಟೋನ್ ನೆನಪಿಟ್ಟುಕೊಂಡಿತು. 1983ರ ಯಮಾಹಾ ಡಿಎಕ್ಸ್‌7ರಲ್ಲಿ ಹೊಸ ಟೋನ್ ಕಟ್ಟುವುದು ಎಷ್ಟು ತೊಡಕಿನ ಕೆಲಸವಾಗಿತ್ತೆಂದರೆ ಹೆಚ್ಚಿನವರು ಕಾರ್ಖಾನೆಯ ಟೋನ್‌ಗಳಲ್ಲೇ ನುಡಿಸಿದರು. ಅದರ ಎಲೆಕ್ಟ್ರಿಕ್ ಪಿಯಾನೊ ಆ ದಶಕದ ಎಷ್ಟೋ ಹಾಡುಗಳಲ್ಲಿ ಕೇಳುತ್ತದೆ, ಹಾಡುಗಳಿಗೇನೂ ನಷ್ಟವಾಗಲಿಲ್ಲ.

ಹಾಡು ಮುಗಿದ ಮೇಲೆ, ಹತ್ತಿರದ ಒಂದು ಸಿದ್ಧ ಟೋನನ್ನು ತೆಗೆದುಕೊಂಡು ತಿದ್ದುವುದು ಜಾಣತನ. ಎಲ್ಲಿಂದ ತಿದ್ದಬೇಕು? ಟೋನಿನ ಮೊದಲ ಕ್ಷಣದಿಂದ. ವಾದ್ಯಗಳ ಧ್ವನಿಮುದ್ರಣದಿಂದ ಸ್ವರದ ಆರಂಭವನ್ನು ಕತ್ತರಿಸಿ ಉಳಿದ ಭಾಗವನ್ನಷ್ಟೇ ಕೇಳಿಸಿದರೆ ಜನ ವಾದ್ಯವನ್ನು ಗುರುತಿಸುವುದು ಕಷ್ಟವಾಗುತ್ತದೆ ಎಂದು 1960ರ ದಶಕದ ಪ್ರಯೋಗಗಳು ತೋರಿಸಿದವು. ರೋಲ್ಯಾಂಡ್ ಸಂಸ್ಥೆ 1987ರ ಡಿ‌-50ರಲ್ಲಿ ಈ ಗುಟ್ಟನ್ನೇ ಬಳಸಿತು. ಮೆಮೊರಿ ದುಬಾರಿಯಾಗಿದ್ದ ಕಾಲವದು. ಹಾಗಾಗಿ ನಿಜವಾದ ವಾದ್ಯದ ಆರಂಭದ ತುಣುಕನ್ನು ಮಾತ್ರ ಧ್ವನಿಮುದ್ರಿಸಿ, ಮುಂದಿನ ಭಾಗವನ್ನು ಸಿಂಥಸೈಸರ್‌ನಿಂದಲೇ ಹುಟ್ಟಿಸಿತು. ಕಿವಿ ಆರಂಭವನ್ನು ಕೇಳಿ ಒಪ್ಪಿಕೊಂಡಿತು. ಸ್ಟ್ರಿಂಗ್ಸ್ ಟೋನ್ ತಾಳಕ್ಕಿಂತ ಹಿಂದೆ ಎಳೆಯುತ್ತಿದೆ ಅನ್ನಿಸಿದರೆ ಬೇರೆ ಟೋನ್ ಹುಡುಕುವ ಮೊದಲು ಸದ್ದು ಏರಲು ಹಿಡಿಯುವ ಕಾಲವನ್ನು ನಿಯಂತ್ರಿಸುವ ಅಟ್ಯಾಕ್ ಗುಂಡಿಯನ್ನು ಕಡಿಮೆ ಮಾಡಿ ನೋಡಿ. ಅನೇಕ ಸಲ ಅಲ್ಲಿಗೇ ಮುಗಿಯುತ್ತದೆ.

ಎರಡನೆಯದು ಹೊಳಪು, ಅಂದರೆ ಮೇಲಿನ ಆವರ್ತನಗಳನ್ನು ಎಲ್ಲಿಂದಾಚೆಗೆ ತಡೆಯಬೇಕೆಂದು ಗೊತ್ತುಮಾಡುವ ಫಿಲ್ಟರಿನ ಕಟ್‌ಆಫ್. ವಾಲಗದ ಕೊಂಬನ್ನು ಹತ್ತಿರದಿಂದ ಕೇಳಿದವರು ಗಮನಿಸಿರಬಹುದು: ಉಸಿರಿನ ಒತ್ತಡ ಹೆಚ್ಚಿದಂತೆ ಸದ್ದು ದೊಡ್ಡದಾಗುವುದರ ಜೊತೆಗೆ ಹರಿತವೂ ಆಗುತ್ತದೆ. ಜೋರು ಊದಿದಾಗ ಮೇಲಿನ ಆವರ್ತನಗಳು ಹೆಚ್ಚು ಪಾಲು ಪಡೆಯುತ್ತವೆ. 1960ರ ದಶಕದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕಂಪ್ಯೂಟರಿನಿಂದ ತುತ್ತೂರಿಯ ನಾದ ಹುಟ್ಟಿಸಲು ಹೊರಟ ಜಾನ್‌-ಕ್ಲಾಡ್ ರಿಸೆ, ಈ ಏರಿಳಿತವನ್ನು ಸೇರಿಸಿದ ಮೇಲೆಯೇ ಅದಕ್ಕೆ ಜೀವ ಬಂದದ್ದನ್ನು ಕಂಡರು. ಕೀಬೋರ್ಡಿನ ಬ್ರಾಸ್ ಸತ್ತಂತಿದ್ದರೆ ಕೀಲಿ ಒತ್ತುವ ಬಿರುಸಿಗೆ ಕಟ್‌ಆಫ್ ಅನ್ನು ಜೋಡಿಸಬೇಕು. ವೆಲಾಸಿಟಿ ಎಂಬ ಹೆಸರಿನಡಿ ಅನೇಕ ಸಿಂಥಸೈಸರ್‌ಗಳಲ್ಲಿ ಈ ವ್ಯವಸ್ಥೆ ಇದೆ.

ಹೊಳಪಿನ ವಿಷಯದಲ್ಲಿ ನಮ್ಮ ಜಿಲ್ಲೆಯ ಮಳೆ ಮೋಸ ಮಾಡುತ್ತದೆ. ಜುಲೈ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಕುಳಿತು ಟೋನ್ ತಿದ್ದಿದರೆ, ಮಳೆಯ ಸದ್ದು ಟೋನಿನ ಮೇಲಿನ ಆವರ್ತನಗಳನ್ನು ಮುಚ್ಚಿಹಾಕುತ್ತದೆ. ಕೈ ತಾನಾಗಿ ಕಟ್‌ಆಫ್ ಏರಿಸುತ್ತದೆ. ಮಳೆ ಬಿಟ್ಟ ದಿನ ಅದೇ ಟೋನ್ ಕಿವಿಗೆ ಚುಚ್ಚುತ್ತದೆ. ಸ್ವರ ಕೂರಿಸುವ ಕೆಲಸಕ್ಕೆ ಮಳೆಯ ದಿನ ಅಡ್ಡಿಯಿಲ್ಲ, ಟೋನ್ ತಿದ್ದಲು ಬೇಡ. ವಾಲ್ಯೂಮಿನದೂ ಇಂಥದ್ದೇ ಆಟ. ಸದ್ದು ಕಡಿಮೆಯಿದ್ದಾಗ ಕಿವಿಗೆ ಮಂದ್ರ ಸರಿಯಾಗಿ ಕೇಳುವುದಿಲ್ಲ ಎಂದು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ರಾತ್ರಿ ಮನೆಯವರಿಗೆ ಕೇಳಿಸದಂತೆ ಸಣ್ಣಗೆ ಇಟ್ಟು ಆರಿಸಿದ ಬಾಸ್ ಟೋನ್ ಗಾಂಧಿ ಮೈದಾನದ ಸ್ಪೀಕರುಗಳಲ್ಲಿ ಎದೆ ಗುದ್ದುವುದು ಈ ಕಾರಣಕ್ಕೆ. ಎರಡು ಟೋನ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡದಿದ್ದರೆ ಜೋರಿರುವುದೇ ಸಾಮಾನ್ಯವಾಗಿ ಗೆಲ್ಲುತ್ತದೆ.

ಮೂರನೆಯದು ರಿಲೀಸ್, ಕೀಲಿ ಬಿಟ್ಟ ಮೇಲೆ ಸದ್ದು ಆರುವ ಕಾಲ. ಇಲ್ಲಿ ಕಿವಿಗಿಂತ ಲೆಕ್ಕ ಬೇಗ ಕೆಲಸ ಮಾಡುತ್ತದೆ. ನಿಮಿಷಕ್ಕೆ 100 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟಿಗೆ 600 ಮಿಲಿಸೆಕೆಂಡ್. ರಿಲೀಸ್ 2 ಸೆಕೆಂಡ್ ಇದ್ದರೆ ಹಳೆಯ ಸ್ವರಗುಚ್ಛದ, ಅಂದರೆ ಕಾರ್ಡ್‌ನ ಬಾಲ ಹೊಸ ಕಾರ್ಡ್‌ನ ಮೂರು ಪೆಟ್ಟುಗಳ ಮೇಲೆ ಎಳೆದಾಡುತ್ತದೆ. ಹಾಡುಗಾರನ ಮಾತು ಅಸ್ಪಷ್ಟವಾದರೆ ಪ್ಯಾಡಿನ ಕಟ್‌ಆಫ್ ಅನ್ನೂ ಸ್ವಲ್ಪ ಇಳಿಸಿ. ಸುಮಾರು 2000ದಿಂದ 5000 ಹರ್ಟ್ಸ್ ನಡುವೆ ಕಿವಿ ಅತಿ ಸೂಕ್ಷ್ಮವಾಗಿರುತ್ತದೆ, ವ್ಯಂಜನಗಳ ಸ್ಪಷ್ಟತೆಯೂ ಬಹುಪಾಲು ಅಲ್ಲೇ ಇದೆ.

ತಿದ್ದಿದ್ದನ್ನು ಆಗಿಂದಾಗಲೇ ಯೂಸರ್ ಮೆಮೊರಿಗೆ, ಹಾಡಿನ ಹೆಸರಿನಲ್ಲೇ ಸೇವ್ ಮಾಡಬೇಕು. ಸೇವ್ ಮಾಡದ ತಿದ್ದುಪಡಿ ಇರುವುದು ತಾತ್ಕಾಲಿಕ ಮೆಮೊರಿಯಲ್ಲಿ. ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ, ಮರುದಿನ ಕೀಬೋರ್ಡ್ ಆನ್ ಮಾಡಿದಾಗ ಸಿಗುವುದು ಕಾರ್ಖಾನೆಯ ಟೋನ್ ಮಾತ್ರ.