ಮದುವೆಯ ಮಾತು, ಕಸ್ಟಮ್ಸ್ ಸುಂಕ

2025ರ ಜನವರಿಯಲ್ಲಿ ಫ್ರಾನ್ಸಿನ ಟಿಎಫ್1 ವಾಹಿನಿಯು ಐವತ್ತು ದಾಟಿದ ಮಹಿಳೆಯೊಬ್ಬರು ಮೋಸಹೋದ ಬಗೆಯನ್ನು ಪ್ರಸಾರ ಮಾಡಿತು. ಹಾಲಿವುಡ್ ನಟ ಬ್ರಾಡ್ ಪಿಟ್ ಅವರ ಹೆಸರು ಹೇಳಿಕೊಂಡು ಇನ್‌ಸ್ಟಾಗ್ರಾಮಿನಲ್ಲಿ ಪರಿಚಯ ಬೆಳೆಸಿದವರು ಆಕೆಯಿಂದ ಒಟ್ಟು 8,30,000 ಯೂರೋ ದೋಚಿದ್ದರು. ಪ್ರಸಾರವಾದ ಬೆನ್ನಿಗೇ ಜಾಲತಾಣಗಳಲ್ಲಿ ಹರಿದ ಅಪಹಾಸ್ಯ ಎಷ್ಟು ಕ್ರೂರವಾಗಿತ್ತೆಂದರೆ, ವಾಹಿನಿಯು ಆ ಕಾರ್ಯಕ್ರಮವನ್ನೇ ಹಿಂತೆಗೆದುಕೊಂಡಿತು. ನಟನು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವಂತೆ ತೋರಿಸುವ ನಕಲಿ ಚಿತ್ರಗಳನ್ನು ಕಂಡು ನಕ್ಕವರು ಒಂದು ಸಂಗತಿಯನ್ನು ಗಮನಿಸಲಿಲ್ಲ. ವಂಚಕರು ಮೊದಲು ಕೇಳಿದ್ದು ಚಿಕಿತ್ಸೆಯ ಖರ್ಚನ್ನಲ್ಲ, ತಾವು ಕಳಿಸಿದ್ದೇವೆಂದು ಹೇಳಿದ ಉಡುಗೊರೆಗಳ ಮೇಲಿನ ಕಸ್ಟಮ್ಸ್ ಸುಂಕವನ್ನು. ಮೊತ್ತ 9,000 ಯೂರೋ. ಅದಕ್ಕೂ ಮುಂಚೆ ಅವರು ಕಳಿಸಿದ್ದು ಆತ್ಮೀಯ ಸಂದೇಶಗಳು ಮತ್ತು ಕವಿತೆಗಳು.

ಹೊರಗಿನವರು ಇಂಥ ಪ್ರಕರಣವನ್ನು ಅದರ ಕೊನೆಯಿಂದ ನೋಡುತ್ತಾರೆ. ಮೋಸಹೋದವರು ಅದನ್ನು ಮೊದಲಿನಿಂದ, ಒಂದೊಂದೇ ದಿನವಾಗಿ ಬದುಕಿರುತ್ತಾರೆ. ಜನ ಪ್ರೇಮವಂಚನೆಗೆ ಏಕೆ ಸಿಲುಕುತ್ತಾರೆ ಎಂಬ ಪ್ರಶ್ನೆಗೆ ಉತ್ತರವನ್ನು ಅವರ ದಡ್ಡತನದಲ್ಲಿ ಅಥವಾ ದುರಾಸೆಯಲ್ಲಿ ಹುಡುಕುವುದಕ್ಕಿಂತ, ಘಟನೆಗಳು ಯಾವ ಕ್ರಮದಲ್ಲಿ ಬಂದವು ಎಂಬುದರಲ್ಲಿ ಹುಡುಕುವುದು ಸರಿಯೆಂದು ನಾನು ತಿಳಿದಿದ್ದೇನೆ. 2022ರ ಒಂದೇ ವರ್ಷದಲ್ಲಿ ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ ಸುಮಾರು 70,000 ಜನ ಇಂಥ ದೂರು ಕೊಟ್ಟರು. ಅವರು ಕಳೆದುಕೊಂಡದ್ದು 130 ಕೋಟಿ ಡಾಲರ್. ಇಷ್ಟು ಜನರೆಲ್ಲ ದಡ್ಡರು ಎನ್ನುವ ವಿವರಣೆ ಏನನ್ನೂ ವಿವರಿಸುವುದಿಲ್ಲ.

ನಮ್ಮ ದೇಶದಲ್ಲಿ ಈ ವಂಚನೆಯ ಅತಿ ಪರಿಚಿತ ರೂಪ ಮದುವೆಯ ಹೆಸರಿನದು. ಮ್ಯಾಟ್ರಿಮೋನಿ ತಾಣದಲ್ಲಿ ಒಂದು ಪ್ರೊಫೈಲ್ ಕಾಣಿಸುತ್ತದೆ: ಲಂಡನ್ನಿನಲ್ಲಿ ವೈದ್ಯ ಅಥವಾ ಎಂಜಿನಿಯರ್, ಹೆಂಡತಿ ತೀರಿಕೊಂಡಿದ್ದಾಳೆ, ಒಬ್ಬಳು ಚಿಕ್ಕ ಮಗಳಿದ್ದಾಳೆ, ಭಾರತಕ್ಕೆ ಮರಳಿ ನೆಲೆಸುವ ಆಸೆಯಿದೆ. ಕೆಲವೇ ದಿನಗಳಲ್ಲಿ ಮಾತು ಆ ತಾಣವನ್ನು ಬಿಟ್ಟು ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ. ನಂಬರು ಬ್ರಿಟನ್ನಿನ ಕೋಡ್ ಆದ +44ರಿಂದ ಶುರುವಾಗುತ್ತದೆ. ಬೆಳಿಗ್ಗೆ ಎದ್ದಾಗ ಒಂದು ಗುಡ್ ಮಾರ್ನಿಂಗ್, ಮಧ್ಯಾಹ್ನ ಊಟವಾಯಿತೇ ಎಂಬ ವಿಚಾರಣೆ, ರಾತ್ರಿ ಮಲಗುವ ಮೊದಲು ದೀರ್ಘವಾದ ಮಾತು. ನಿನ್ನೆ ಹೇಳಿಕೊಂಡಿದ್ದ ಅಮ್ಮನ ಮಂಡಿನೋವು ಇವತ್ತು ಹೇಗಿದೆ ಎಂದು ಆ ಕಡೆಯವನು ತಪ್ಪದೆ ಕೇಳುತ್ತಾನೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಣದ ಮಾತೇ ಬರುವುದಿಲ್ಲ. ಆಮೇಲೊಂದು ದಿನ ಅವನು ಉಡುಗೊರೆಯೊಂದನ್ನು ಕಳಿಸಿರುವುದಾಗಿ ಹೇಳಿ, ಪೆಟ್ಟಿಗೆಯೊಳಗಿನ ಐಫೋನ್, ಕೈಗಡಿಯಾರ, ಚಿನ್ನದ ಸರ, ಒಂದು ಕಟ್ಟು ಪೌಂಡ್ ನೋಟು, ಇವುಗಳ ಫೋಟೋವನ್ನೂ ಕೊರಿಯರ್ ರಸೀದಿಯನ್ನೂ ಕಳಿಸುತ್ತಾನೆ. ಎರಡು ದಿನ ಬಿಟ್ಟು ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್ ಕಚೇರಿಯಿಂದ ಎಂದು ಹೇಳಿಕೊಂಡು ಹೆಂಗಸೊಬ್ಬಳು ಕರೆ ಮಾಡುತ್ತಾಳೆ. ಸುಂಕ ಕಟ್ಟಬೇಕು. ಕಟ್ಟಿದ ಮೇಲೆ ಪೆಟ್ಟಿಗೆಯಲ್ಲಿ ವಿದೇಶಿ ನೋಟು ಸಿಕ್ಕಿದೆ, ಅದಕ್ಕೊಂದು ಪ್ರಮಾಣಪತ್ರ ಬೇಕು ಎನ್ನುತ್ತಾರೆ. ಅದನ್ನೂ ಕಟ್ಟಿದರೆ, ಮನಿ ಲಾಂಡರಿಂಗ್ (ಅಕ್ರಮ ಹಣ ವರ್ಗಾವಣೆ) ಪ್ರಕರಣ ದಾಖಲಾಗಲಿದೆ, ಪೊಲೀಸರು ಮನೆಗೆ ಬರುತ್ತಾರೆ ಎಂಬ ಬೆದರಿಕೆ ಶುರುವಾಗುತ್ತದೆ. ಕಸ್ಟಮ್ಸ್ ಇಲಾಖೆ ಯಾರಿಂದಲೂ ಖಾಸಗಿ ವ್ಯಕ್ತಿಯ ಬ್ಯಾಂಕ್ ಖಾತೆಗೆ ಸುಂಕ ಹಾಕಿಸಿಕೊಳ್ಳುವುದಿಲ್ಲ ಎಂಬುದು ಶಾಂತವಾಗಿ ಕುಳಿತಾಗ ಎಲ್ಲರಿಗೂ ಹೊಳೆಯುವ ವಿಷಯ. ಆ ಶಾಂತಿಯನ್ನು ಕೆಡಿಸಿದ ಮೇಲೆಯೇ ಹಣ ಕೇಳಲಾಗುತ್ತದೆ.

ಈ ಇಡೀ ಸರಣಿಯಲ್ಲಿ ಮೊದಲು ಕೆಲಸ ಮಾಡುವುದು ನಮ್ಮೆಲ್ಲರಲ್ಲೂ ಇರುವ ಒಂದು ಸಾಮಾನ್ಯ ಗುಣ. ಎದುರಿನವರು ಹೇಳುವುದನ್ನು ನಿಜವೆಂದೇ ಹಿಡಿದು ಮುಂದುವರಿಯುವುದು ಮನುಷ್ಯರ ಸಹಜ ರೂಢಿ ಎಂದು ಸಂವಹನ ವಿಜ್ಞಾನಿ ತಿಮೋತಿ ಲೆವಿನ್ ಪ್ರತಿಪಾದಿಸಿದ್ದಾರೆ. ಪ್ರತಿ ಮಾತನ್ನೂ ಪರೀಕ್ಷಿಸುತ್ತ ಕುಳಿತರೆ ಸಂಸಾರವೂ ನಡೆಯದು, ವ್ಯಾಪಾರವೂ ನಡೆಯದು. ಆದ್ದರಿಂದ ಬಲವಾದ ಕಾರಣ ಎದುರಾಗುವವರೆಗೆ ಅನುಮಾನ ಏಳುವುದೇ ಇಲ್ಲ. ಅನುಮಾನ ಎದ್ದಾಗಲೂ ನಮ್ಮ ಶಕ್ತಿ ಅಷ್ಟಕ್ಕಷ್ಟೇ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ 2006ರಲ್ಲಿ ನೂರಾರು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಯಾರು ನಿಜ ಹೇಳುತ್ತಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದನ್ನು ಜನ ಸರಿಯಾಗಿ ಗುರುತಿಸಿದ್ದು ಸರಾಸರಿ ನೂರಕ್ಕೆ 54 ಸಲ ಮಾತ್ರ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಸಲ ಸರಿಯಾಗುತ್ತಿತ್ತು. ಅದೂ ಆ ಪ್ರಯೋಗಗಳಲ್ಲಿ ಭಾಗವಹಿಸಿದವರಿಗೆ ಎದುರಿನವರು ಸುಳ್ಳು ಹೇಳುತ್ತಿರಬಹುದೆಂಬ ಎಚ್ಚರ ಮೊದಲೇ ಇರುತ್ತಿತ್ತು.

ಇದರ ಮೇಲೆ ಬರಹದ ಮಾತುಕತೆ ತನ್ನದೇ ಒಂದು ಮೋಡಿಯನ್ನು ಸೇರಿಸುತ್ತದೆ. ಜೋಸೆಫ್ ವಾಲ್ತರ್ 1996ರಲ್ಲಿ ಮುಂದಿಟ್ಟ ಒಂದು ಸಿದ್ಧಾಂತದ ಪ್ರಕಾರ, ಕಂಪ್ಯೂಟರ್ ಮೂಲಕ ಬೆಳೆಯುವ ಸ್ನೇಹ ಕೆಲವು ಸಂದರ್ಭಗಳಲ್ಲಿ ಮುಖಾಮುಖಿ ಸ್ನೇಹಕ್ಕಿಂತ ಹೆಚ್ಚು ಗಾಢವಾಗಬಲ್ಲದು. ಬರೆಯುವವನು ತನ್ನ ಒಳ್ಳೆಯ ಮುಖವನ್ನಷ್ಟೇ ಆರಿಸಿ ತೋರಿಸಬಹುದು, ಬರೆದದ್ದನ್ನು ತಿದ್ದಬಹುದು. ಓದುವವರು ತಮಗೆ ಸಿಕ್ಕ ಅಲ್ಪ ಸುಳಿವುಗಳ ನಡುವಿನ ಖಾಲಿ ಜಾಗವನ್ನು ತಮ್ಮ ಆಸೆಗೆ ತಕ್ಕಂತೆ ತುಂಬಿಕೊಳ್ಳುತ್ತಾರೆ. ಜೊತೆಯಲ್ಲಿ ಬದುಕುವವರ ಸಿಡುಕು, ಆಲಸ್ಯ, ಮರೆವು ಯಾವುದೂ ಪರದೆಯ ಮೇಲೆ ಕಾಣುವುದಿಲ್ಲ. ಹೀಗೆ ರೂಪುಗೊಂಡ ವ್ಯಕ್ತಿಯಲ್ಲಿ ಅರ್ಧ ಭಾಗ ವಂಚಕನ ಸೃಷ್ಟಿ, ಇನ್ನರ್ಧ ಓದುವವರದೇ ಸೃಷ್ಟಿ. ಅವನನ್ನು ಬಿಟ್ಟುಕೊಡುವುದು ಅಷ್ಟು ಕಷ್ಟವಾಗುವುದಕ್ಕೆ ಇದೂ ಒಂದು ಕಾರಣ.

ಬ್ರಿಟನ್ನಿನಲ್ಲಿ ಈ ವಂಚನೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ ಮೋನಿಕಾ ವಿಟ್ಟಿ, ಸಂತ್ರಸ್ತರೊಂದಿಗೆ ಮಾತನಾಡಿ 2013ರಲ್ಲಿ ಅದರ ಹಂತಗಳನ್ನು ಗುರುತಿಸಿದರು. ಆದರ್ಶ ಸಂಗಾತಿಯನ್ನು ಹುಡುಕುತ್ತಿರುವ ವ್ಯಕ್ತಿ, ಅವರ ಕಣ್ಣಿಗೆ ಬೀಳುವ ಆದರ್ಶ ಪ್ರೊಫೈಲ್, ನಂಬಿಕೆ ಬೆಳೆಸುವ ದೀರ್ಘ ಕಾಲ, ಅನಂತರವಷ್ಟೇ ಹಣದ ಕೋರಿಕೆ, ಮತ್ತೆ ಮತ್ತೆ ಅದರ ಮುಂದುವರಿಕೆ. ಟಾಮ್ ಬ್ಯುಕ್ಯಾನನ್ ಜೊತೆಗೂಡಿ ಅವರು ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಸಂಗಾತಿಯನ್ನು ದೋಷವೇ ಇಲ್ಲದ ಆದರ್ಶವಾಗಿ ಕಾಣುವ ಪ್ರವೃತ್ತಿ ಹೆಚ್ಚಿರುವವರು ಇದಕ್ಕೆ ಹೆಚ್ಚು ಬಲಿಯಾಗುತ್ತಾರೆಂದು ಕಂಡುಬಂತು. ಓದಿದವರು ಪಾರಾಗುತ್ತಾರೆಂಬ ನಂಬಿಕೆಗೂ ಅವರ ಸಂಶೋಧನೆಯಲ್ಲಿ ಆಧಾರ ಸಿಗಲಿಲ್ಲ. 2018ರ ಅವರ ಅಧ್ಯಯನದಲ್ಲಿ ಸಿಲುಕಿದವರು ಹೆಚ್ಚಾಗಿ ಮಧ್ಯವಯಸ್ಸಿನ, ಒಳ್ಳೆಯ ವಿದ್ಯಾಭ್ಯಾಸವಿದ್ದ ಮಹಿಳೆಯರು.

ಮೊದಲ ಸಲ ಹಣ ಕೊಟ್ಟದ್ದು ಅರ್ಥವಾಗುತ್ತದೆ, ಹತ್ತನೆಯ ಸಲವೂ ಕೊಟ್ಟದ್ದೇಕೆ ಎಂದು ಅನೇಕರು ಕೇಳುತ್ತಾರೆ. ಮೊದಲ ಸಲ ಕೊಟ್ಟದ್ದೇ ಹತ್ತನೆಯ ಸಲಕ್ಕೆ ಕಾರಣ. ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕ್ಯಾಲಿಫೋರ್ನಿಯಾದ ಮನೆಗಳವರನ್ನು ತಮ್ಮ ಅಂಗಳದಲ್ಲಿ ‘ಎಚ್ಚರದಿಂದ ವಾಹನ ಚಲಾಯಿಸಿ’ ಎಂಬ ದೊಡ್ಡ, ಅಂದಗೆಟ್ಟ ಫಲಕವನ್ನು ನಿಲ್ಲಿಸಲು ಒಪ್ಪುವಿರಾ ಎಂದು ಕೇಳಲಾಯಿತು. ನೇರವಾಗಿ ಕೇಳಿದಾಗ ಒಪ್ಪಿದವರು ನೂರಕ್ಕೆ ಸುಮಾರು 17 ಜನ. ಎರಡು ವಾರ ಮೊದಲು ಇದೇ ವಿಷಯದ ಒಂದು ಪುಟ್ಟ ಫಲಕವನ್ನು ಹಾಕಿಕೊಳ್ಳಲು ಒಪ್ಪಿದ್ದವರಲ್ಲಿ ಆ ಸಂಖ್ಯೆ 76ಕ್ಕೆ ಏರಿತು. ಸಣ್ಣದೊಂದಕ್ಕೆ ಒಪ್ಪಿದವರು ತಮ್ಮನ್ನೇ ಬೇರೆ ರೀತಿಯಲ್ಲಿ ನೋಡಿಕೊಳ್ಳಲು ತೊಡಗುತ್ತಾರೆ. ಸುಂಕಕ್ಕೆಂದು ಹಣ ಹಾಕಿದ ಮಹಿಳೆ ಆ ಕ್ಷಣದಿಂದ ತನ್ನ ಭಾವೀ ಗಂಡನಿಗೆ ಕಷ್ಟಕಾಲದಲ್ಲಿ ನೆರವಾದವಳಾಗಿರುತ್ತಾಳೆ. ಈಗ ನಿಲ್ಲಿಸಿದರೆ ಅವನನ್ನು ಅನುಮಾನಿಸಿದಂತೆ ಮಾತ್ರವಲ್ಲ, ಈವರೆಗೆ ಕೊಟ್ಟದ್ದೆಲ್ಲ ವ್ಯರ್ಥವೆಂದು, ತಾನು ಪ್ರೀತಿಸಿದ ಮನುಷ್ಯನೇ ಇರಲಿಲ್ಲವೆಂದು ಒಪ್ಪಿಕೊಂಡಂತೆ. ಇನ್ನೊಂದು ಕಂತು ಕಟ್ಟುವುದು ಆ ಒಪ್ಪಿಗೆಗಿಂತ ಎಷ್ಟೋ ಸುಲಭ. ಪೆಟ್ಟಿಗೆ ನಾಳೆ ಕೈಸೇರಲಿದೆ, ಅವನು ಬರುವ ವಾರ ಬಂದಿಳಿಯಲಿದ್ದಾನೆ ಎಂದು ಪ್ರತಿ ಸಲವೂ ಅನಿಸುವಂತೆ ವಂಚಕರು ನೋಡಿಕೊಳ್ಳುತ್ತಾರೆ. ಇನ್ನೇನು ಗೆದ್ದೆ ಎಂಬ ಭಾವನೆ ಜೂಜುಕೋರರನ್ನು ಕಟ್ಟಿಹಾಕುವ ಹಾಗೆಯೇ ಇದೂ ಕಟ್ಟಿಹಾಕುತ್ತದೆ ಎಂದು ವಿಟ್ಟಿ ಹೇಳುತ್ತಾರೆ.

ಮಿದುಳಿನ ಬಗ್ಗೆ ಒಂದು ಮಾತು ಹೇಳಬಹುದು. ಆ್ಯಂಡ್ರಿಯಾಸ್ ಬಾರ್ಟಲ್ಸ್ ಮತ್ತು ಸೆಮಿರ್ ಝೆಕಿ 2004ರಲ್ಲಿ ಪ್ರಕಟಿಸಿದ ಸ್ಕ್ಯಾನ್ ಅಧ್ಯಯನದಲ್ಲಿ, ಪ್ರೀತಿಸುವವರ ಚಿತ್ರವನ್ನು ನೋಡುವಾಗ ಸಂತೋಷಕ್ಕೆ ಸಂಬಂಧಿಸಿದ ಭಾಗಗಳು ಚುರುಕಾದಂತೆಯೇ, ಇತರರನ್ನು ವಿಮರ್ಶಿಸಿ ಅಳೆಯುವುದಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿದ್ದು ಕಂಡುಬಂತು. ಅಲ್ಲಿ ಭಾಗವಹಿಸಿದ್ದವರು ನಿಜವಾದ ಸಂಬಂಧಗಳಲ್ಲಿದ್ದವರು. ಆದರೆ ಪ್ರೀತಿಸುವ ಮಿದುಳಿಗೆ ಎದುರಿನವನು ನಕಲಿ ಎಂಬುದು ಗೊತ್ತಿರುವುದಿಲ್ಲವಲ್ಲ. ಇದಕ್ಕಿಂತ ಮುಖ್ಯವೆಂದು ನನಗೆ ತೋರುವುದು ಅರ್ಥಶಾಸ್ತ್ರಜ್ಞ ಜಾರ್ಜ್ ಲೋವನ್‌ಸ್ಟೀನ್ ಅವರ ವಿಚಾರ: ಭಾವನೆ ಕಾವೇರಿದಾಗ ತಾನು ಹೇಗೆ ನಡೆದುಕೊಳ್ಳುವೆನೆಂಬುದನ್ನು ಮನಸ್ಸು ತಣ್ಣಗಿರುವಾಗ ಯಾರೂ ಸರಿಯಾಗಿ ಊಹಿಸಲಾರರು. ನಾನಾಗಿದ್ದರೆ ಸಿಲುಕುತ್ತಿರಲಿಲ್ಲ ಎಂದು ಹೇಳುವವರೆಲ್ಲ ಮನಸ್ಸು ತಣ್ಣಗಿರುವಾಗಲೇ ಹಾಗೆ ಹೇಳುತ್ತಾರೆ.

ನಮ್ಮ ಕಡೆಯ ಇನ್ನೊಂದು ಕಾರಣವನ್ನು ವಿದೇಶದ ಅಧ್ಯಯನಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ನಮ್ಮಲ್ಲಿ ಮದುವೆಯ ಸಂಬಂಧವನ್ನು ಪರೀಕ್ಷಿಸುವ ಕೆಲಸ ಹುಡುಗಿಯದೂ ಅಲ್ಲ, ಹುಡುಗನದೂ ಅಲ್ಲ. ಅದು ದೊಡ್ಡಮ್ಮ, ಸೋದರಮಾವ, ಆ ಊರಿನಲ್ಲಿರುವ ಪರಿಚಯದವರು ಮಾಡುವ ಕೆಲಸ. ಮನೆತನ ಹೇಗೆ, ಕೆಲಸ ನಿಜವೇ, ಸಾಲಸೋಲ ಇದೆಯೇ ಎಂದು ಅವರು ನಾಲ್ಕು ಕಡೆ ವಿಚಾರಿಸಿ ಬರುತ್ತಾರೆ. ಗಂಡನನ್ನು ಕಳೆದುಕೊಂಡವಳಿಗೆ, ವಿಚ್ಛೇದನ ಪಡೆದವರಿಗೆ, ನಲವತ್ತು ದಾಟಿದರೂ ಮದುವೆಯಾಗದೆ ಉಳಿದವರಿಗೆ ಈ ವ್ಯವಸ್ಥೆ ಒದಗುವುದು ಅಪರೂಪ. ಎರಡನೆಯ ಸಂಬಂಧ ಹುಡುಕುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಲು ಸಂಕೋಚಪಡುವ ವ್ಯಕ್ತಿ ತಾನೊಬ್ಬಳೇ ಪ್ರೊಫೈಲ್ ಹಾಕುತ್ತಾಳೆ, ತಾನೊಬ್ಬಳೇ ನಿರ್ಧರಿಸುತ್ತಾಳೆ. ಎಲ್ಲ ಖಚಿತವಾದ ಮೇಲೆ ಮನೆಯವರಿಗೆ ತಿಳಿಸೋಣ ಎಂದು ಆ ಕಡೆಯವನು ಹೇಳಿದರೆ ಅದು ಅವಳಿಗೆ ಸಮಾಧಾನದ ಮಾತಾಗಿಯೇ ಕೇಳಿಸುತ್ತದೆ. ಗುಟ್ಟು ಕಾಪಾಡಲು ವಂಚಕನು ಪ್ರತ್ಯೇಕವಾಗಿ ಶ್ರಮಪಡಬೇಕಿಲ್ಲ. ನಮ್ಮ ಸಮಾಜ ಆ ಕೆಲಸವನ್ನು ಮೊದಲೇ ಮಾಡಿಟ್ಟಿರುತ್ತದೆ. ಇದನ್ನು ಬರೆಯುವಾಗ ನನಗೆ ಕೋಪ ಬರುವುದು ವಂಚಕರ ಮೇಲೆ ಮಾತ್ರವಲ್ಲ.

ಇನ್ನು ಆ ಕಡೆ ಕುಳಿತವರು. ಒಬ್ಬಂಟಿ ಮೋಸಗಾರನೊಬ್ಬ ಫೋನ್ ಹಿಡಿದು ಕುಳಿತಿದ್ದಾನೆ ಎಂಬ ಚಿತ್ರ ಈಗ ಬಹುಮಟ್ಟಿಗೆ ಹಳತಾಗಿದೆ. 2024ರ ಅಕ್ಟೋಬರಿನಲ್ಲಿ ಹಾಂಗ್‌ಕಾಂಗ್ ಪೊಲೀಸರು 27 ಜನರನ್ನು ಬಂಧಿಸಿದ ಪ್ರಕರಣದಲ್ಲಿ, ಕಂಪ್ಯೂಟರಿನಿಂದ ನಕಲಿ ಮುಖ ಸೃಷ್ಟಿಸುವ ಡೀಪ್‌ಫೇಕ್ ತಂತ್ರದಿಂದ ವಿಡಿಯೊ ಕರೆಯಲ್ಲೂ ಸುಂದರ ಹೆಣ್ಣಿನ ಮುಖ ತೋರಿಸಿ ಸುಮಾರು 4.6 ಕೋಟಿ ಡಾಲರ್ ದೋಚಲಾಗಿತ್ತು. ಹಣ ಕಳೆದುಕೊಂಡವರಲ್ಲಿ ಭಾರತದವರೂ ಇದ್ದರು. ಮಾತು ಹೇಗೆ ಬೆಳೆಸಬೇಕೆಂಬುದನ್ನು ಕಲಿಸುವ ಕೈಪಿಡಿಯೂ ಅಲ್ಲಿ ಸಿಕ್ಕಿತು. ಮ್ಯಾನ್ಮಾರ್ ಮತ್ತು ಕಾಂಬೋಡಿಯಾದ, ಕಾವಲಿರುವ ವಂಚನಾ ಕೇಂದ್ರಗಳಲ್ಲಿ ಇದೇ ಕೆಲಸವನ್ನು ಒತ್ತೆಯಾಳುಗಳಿಂದ ಮಾಡಿಸಲಾಗುತ್ತದೆ. ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಬಲವಂತದ ದುಡಿಮೆಗೆ ಸಿಲುಕಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜಿಸಿತು. ಡೇಟಾ ಎಂಟ್ರಿ ಕೆಲಸವೆಂದು ನಂಬಿ ಥಾಯ್ಲೆಂಡಿಗೆ ಹಾರಿದ ಭಾರತೀಯ ಯುವಕರೂ ಅವರಲ್ಲಿದ್ದರು; 2025ರ ಮಾರ್ಚಿನಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಅಂದರೆ ಒಂಟಿಯಾಗಿ, ಗುಟ್ಟಾಗಿ, ರಾತ್ರಿ ಹೊತ್ತು ಮೊಬೈಲ್ ಹಿಡಿದು ಕುಳಿತ ಒಬ್ಬ ವ್ಯಕ್ತಿಯ ಎದುರಿಗೆ ಪಾಳಿಯ ಮೇಲೆ ದುಡಿಯುವ, ತರಬೇತಿ ಪಡೆದ ಒಂದು ತಂಡವಿರಬಹುದು. ಅಮ್ಮನ ಮಂಡಿನೋವನ್ನು ನೆನಪಿಡುವುದು ಅವರ ಕಡತದಲ್ಲಿ ಒಂದು ಸಾಲು ಬರೆದುಕೊಳ್ಳುವ ಕೆಲಸ ಅಷ್ಟೆ.

ಸತ್ಯ ತಿಳಿದ ದಿನ ಎರಡು ನಷ್ಟಗಳು ಒಟ್ಟಿಗೆ ಬಂದೆರಗುತ್ತವೆ. ಹಣ ಹೋಗಿರುತ್ತದೆ, ಮನುಷ್ಯನೂ ಹೋಗಿರುತ್ತಾನೆ. ವಿಟ್ಟಿ ಮತ್ತು ಬ್ಯುಕ್ಯಾನನ್ ಅವರೊಂದಿಗೆ ಮಾತನಾಡಿದ ಹಲವರಿಗೆ ಹಣಕ್ಕಿಂತ ಸಂಬಂಧವನ್ನು ಕಳೆದುಕೊಂಡದ್ದೇ ಹೆಚ್ಚಿನ ದುಃಖ ತಂದಿತ್ತು. ಆದರೆ ಹುಟ್ಟೇ ಇರದ ವ್ಯಕ್ತಿಗಾಗಿ ಅಳುವವರನ್ನು ಸಂತೈಸಲು ಯಾರೂ ಬರುವುದಿಲ್ಲ. ನಗುತ್ತಾರೆ ಎಂಬ ಭಯಕ್ಕೆ ಅವರು ಬಾಯಿ ಬಿಡುವುದಿಲ್ಲ, ಹೀಗೆ ಮೌನದಲ್ಲಿ ಕಳೆದ ಗಂಟೆಗಳಲ್ಲಿ ಹಣ ಬೇರೆಯವರ ಹೆಸರಿನಲ್ಲಿರುವ ಒಂದು ಬಾಡಿಗೆ ಖಾತೆಯಿಂದ ಇನ್ನೊಂದಕ್ಕೆ ದಾಟಿ ಕೈತಪ್ಪುತ್ತದೆ. 1930 ಸಹಾಯವಾಣಿಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ಬೇಗ ದೂರು ಹೋದರೆ ಹಣ ತಲುಪಿದ ಖಾತೆಯನ್ನು ಬ್ಯಾಂಕು ತಡೆಹಿಡಿಯುವ ಸಾಧ್ಯತೆಯಿದೆ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಮ್ಮ ಜಿಲ್ಲೆಗಳ ಸಿಇಎನ್ ಪೊಲೀಸ್ ಠಾಣೆಗಳು ಇರುವುದೂ ಇಂಥ ದೂರುಗಳಿಗಾಗಿಯೇ. ಚಾಟ್‌ಗಳನ್ನು ನಾಚಿಕೆಯಿಂದ ಅಳಿಸಿಹಾಕುವುದು ಬೇಡ, ತನಿಖೆಗೆ ಬೇಕಾದ ಸಾಕ್ಷ್ಯ ಅದೇ.

ಇನ್ನೂ ಸಂಬಂಧದೊಳಗೇ ಇರುವವರೊಡನೆ ಮಾತನಾಡುವುದು ಕಷ್ಟ. ಅವನು ಮೋಸಗಾರ ಎಂದು ತಂಗಿಗೋ ಅಕ್ಕನಿಗೋ ನೇರವಾಗಿ ಹೇಳಿದರೆ, ಇಷ್ಟು ದಿನ ತನ್ನ ಕಷ್ಟಸುಖ ವಿಚಾರಿಸಿದವನ ಪರವಾಗಿಯೇ ಆಕೆ ನಿಲ್ಲುತ್ತಾಳೆ, ಮುಂದೆ ಯಾವ ವಿಷಯವನ್ನೂ ಹೇಳುವುದಿಲ್ಲ. ಎರಡನೆಯ ಮದುವೆಯ ಆಸೆ ತಪ್ಪಲ್ಲ ಎಂದು ಮೊದಲು ಒಪ್ಪಿಕೊಂಡು, ಒಳ್ಳೆಯ ಸಂಬಂಧವಾದರೆ ನಾವೂ ವಿಚಾರಿಸುತ್ತೇವೆ, ಅವರು ಕೆಲಸ ಮಾಡುವ ಆಸ್ಪತ್ರೆಯ ಹೆಸರು ಕೊಡು, ಲಂಡನ್ನಿನಲ್ಲಿ ನಮ್ಮವರೊಬ್ಬರು ಹೋಗಿ ಮಾತನಾಡಿಸಿ ಬರಲಿ ಎಂದು ಕೇಳಬಹುದು. ಆಗ ಆಕೆ ಆ ಹೆಸರನ್ನು ಅವನಲ್ಲಿ ತಾನೇ ಕೇಳುತ್ತಾಳೆ. ಅವನು ಕೊಡುವ ನೆಪಗಳನ್ನು ತಾನೇ ಕೇಳಿಸಿಕೊಳ್ಳುತ್ತಾಳೆ. ಇದೆಲ್ಲ ಮುಗಿದ ಮೇಲೂ ಕೆಲವು ತಿಂಗಳು ಆಕೆಯ ಫೋನಿಗೆ ಬರುವ ಕರೆಗಳ ಬಗ್ಗೆ ಮನೆಯವರು ಎಚ್ಚರವಾಗಿರಬೇಕು. ಒಮ್ಮೆ ಹಣ ಕೊಟ್ಟವರ ಪಟ್ಟಿ ವಂಚಕರ ಕೈಯಲ್ಲಿ ಉಳಿದಿರುತ್ತದೆ. ವಕೀಲನೆಂದೋ ಸೈಬರ್ ಪೊಲೀಸ್ ಎಂದೋ ಹೇಳಿಕೊಂಡು, ಹೋದ ಹಣವನ್ನು ವಾಪಸು ಕೊಡಿಸುತ್ತೇವೆ, ಅದಕ್ಕೆ ಸ್ವಲ್ಪ ಶುಲ್ಕವಾಗುತ್ತದೆ ಎನ್ನುವ ಕರೆ ಅನೇಕರಿಗೆ ಬಂದಿದೆ.